ಗದ್ದೆಗೆ ಹೊಡೆಯುವ ಔಷಧಿ ನಮ್ಮ ಹೊಟ್ಟೆ ಬೆಳೆಸುತ್ತದೆಯೇ?

ಪ್ರಶ್ನೆ: ನಮ್ಮದು ಮದ್ದೂರಿನ ಹತ್ತಿರ ಒಂದು ಹಳ್ಳಿ. ನಾಲೆ ಬಯಲಿನಲ್ಲಿ ಎರಡು ಎಕರೆ ಇದೆ, ಭತ್ತ ಮತ್ತು ಕಬ್ಬು. ಔಷಧಿ ಹೊಡೆಯುವುದು ನಮ್ಮ ಯಜಮಾನರೇ. ಅವರಿಗೆ ಈಗ 44. ಈಚೆಗೆ ಹೊಟ್ಟೆ ಬಂದಿದೆ, ಹೋದ ವರ್ಷ ಶುಗರ್ ಕೂಡ ಬಂತು. ಮಗಳಿಗೆ ಹನ್ನೊಂದು, ಅವಳೂ ಸ್ವಲ್ಪ ದಪ್ಪ. ಕೀಟನಾಶಕದಿಂದ ಮೈಯಲ್ಲಿ ಕೊಬ್ಬಿನ ಕೋಶ ಹುಟ್ಟುತ್ತದೆ ಅಂತ ಒಂದು ವಿಡಿಯೋದಲ್ಲಿ ನೋಡಿದೆವು. ಅದು ನಿಜಾನಾ? ರಾತ್ರಿ ಸೊಳ್ಳೆ ಲಿಕ್ವಿಡ್ ಹಾಕುತ್ತೇವೆ, ಅದೂ ನಿಲ್ಲಿಸಬೇಕಾ? ಯಜಮಾನರು "ಔಷಧಿ ಹೊಡೆಯೋದು ಬಿಟ್ಟರೆ ಶುಗರ್ ತಾನಾಗೇ ಹೋಗುತ್ತೆ" ಅಂತ ಮಾತ್ರೆ ಬಿಡಲು ಹೊರಟಿದ್ದಾರೆ. ರಕ್ತದಲ್ಲಿ ಔಷಧಿ ಇದೆಯಾ ಅಂತ ಪರೀಕ್ಷೆ ಮಾಡಿಸಬಹುದಾ?

ಉತ್ತರ: ಮೊದಲು ಮಾತ್ರೆ ವಿಷಯ ಮುಗಿಸೋಣ. ಬಿಡಬಾರದು. ಔಷಧಿ ಹೊಡೆಯುವುದನ್ನು ನಾಳೆಯೇ ನಿಲ್ಲಿಸಿದರೂ ಬಂದಿರುವ ಶುಗರ್ ತಾನಾಗಿ ಇಳಿಯುವುದಿಲ್ಲ. ಮಾತ್ರೆ ಕಡಿಮೆ ಮಾಡುವುದಾದರೆ ನೋಡುತ್ತಿರುವ ಡಾಕ್ಟರೇ ರಕ್ತದ ರಿಪೋರ್ಟ್ ನೋಡಿ ಹೇಳಬೇಕು. ಇಷ್ಟನ್ನು ಯಜಮಾನರಿಗೆ ಈಗಲೇ ಓದಿ ಹೇಳಿ. ಉಳಿದದ್ದನ್ನು ನಿಧಾನವಾಗಿ ಓದಬಹುದು.

ಇನ್ನು ವಿಡಿಯೋ. ಅದು ಸುಮ್ನೆ ಹುಟ್ಟಿಸಿದ ಮಾತಲ್ಲ. ಕೆಲವು ಕೀಟನಾಶಕಗಳು ಕೊಬ್ಬಿನ ಕೋಶ ತಯಾರಾಗುವುದಕ್ಕೆ ಒತ್ತಾಸೆ ಕೊಡುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಕಂಡಿದೆ. ಇಲಿಗಳಲ್ಲೂ ಕಂಡಿದೆ. ಮನುಷ್ಯರ ವಿಷಯದಲ್ಲಿ ಅನುಮಾನಪಡಲು ಕಾರಣ ಇದೆ. ಆದರೆ "ಇವರ ಹೊಟ್ಟೆ ಈ ಔಷಧಿಯಿಂದಲೇ ಬಂತು" ಎಂದು ಬೆರಳು ತೋರಿಸುವಷ್ಟು ಪುರಾವೆ ಇಲ್ಲ. ನನ್ನನ್ನು ಕೇಳಿದರೆ, ನಿಮ್ಮ ಮನೆಯಲ್ಲಿ ಔಷಧಿ ಮೊದಲನೇ ಆರೋಪಿ ಅಲ್ಲ. ಹಾಗಂತ ಬಿಟ್ಟುಬಿಡುವ ವಿಷಯವೂ ಅಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಪ್ಪ ಆಗುವುದು ಎರಡು ರೀತಿ. ಇರುವ ಕೊಬ್ಬಿನ ಕೋಶವೇ ಎಣ್ಣೆ ತುಂಬಿಕೊಂಡು ಉಬ್ಬುವುದು ಒಂದು. ಹೊಸ ಕೋಶಗಳು ಸೇರಿಕೊಳ್ಳುವುದು ಇನ್ನೊಂದು. ಚರ್ಮದ ಕೆಳಗೆ, ಕರುಳಿನ ಸುತ್ತ, ಇನ್ನೂ ಕೊಬ್ಬು ತುಂಬದ ಎಳೆ ಕೋಶಗಳು ಇರುತ್ತವೆ. ಒಟ್ಲಿನಲ್ಲಿ ಬೆಳೆದು ನಾಟಿಗೆ ಕಾಯುವ ಪೈರಿನ ಹಾಗೆ ಅವು ಕಾದು ಕೂತಿರುತ್ತವೆ. ಅವು ಪೂರ್ತಿ ಕೊಬ್ಬಿನ ಕೋಶ ಆಗಬೇಕಾದರೆ ಒಳಗೆ ಪಿಪಿಎಆರ್-ಗಾಮಾ ಎಂಬ ಪ್ರೋಟೀನ್ ಚುರುಕಾಗಬೇಕು. ಅದು ಚುರುಕಾದ ಮೇಲೆ ಕೊಬ್ಬು ಕೂಡಿಡುವುದಕ್ಕೆ ಬೇಕಾದ ಜೀನ್‌ಗಳು ಒಂದರ ಹಿಂದೆ ಒಂದು ಕೆಲಸ ಶುರು ಮಾಡುತ್ತವೆ. ಕೋಶದೊಳಗೆ ಸಣ್ಣ ಸಣ್ಣ ಎಣ್ಣೆ ಹನಿ ಕಾಣಿಸಿಕೊಳ್ಳುತ್ತದೆ.

ಹೊರಗಿಂದ ಬಂದ ಒಂದು ರಾಸಾಯನಿಕ ಈ ಪ್ರೋಟೀನನ್ನು ಕೆಣಕಬಹುದಾ? ಕೆಣಕಬಹುದು. ಶುಗರ್‌ಗೆ ಕೊಡುವ ಪಯೋಗ್ಲಿಟಾಜೋನ್ ಮಾತ್ರೆ ಕೆಲಸ ಮಾಡುವುದೇ ಇದರ ಮೇಲೆ. ಆ ಮಾತ್ರೆ ತಿನ್ನುವ ಕೆಲವರ ತೂಕ ಏರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಅದು ಗೊತ್ತಿದ್ದೇ ಕೊಡುವ ಮಾತ್ರೆ, ಲಾಭವೂ ಇದೆ. ಗೊತ್ತಿಲ್ಲದೆ ಮೈ ಸೇರುವ ರಾಸಾಯನಿಕವೂ ಹೀಗೆ ಮಾಡಿದರೆ ಏನು ಕಥೆ ಎಂಬ ಪ್ರಶ್ನೆ ಜೋರಾಗಿ ಎದ್ದದ್ದು 2006ರಲ್ಲಿ. ಕ್ಯಾಲಿಫೋರ್ನಿಯಾದ ಫೆಲಿಕ್ಸ್ ಗ್ರೂನ್ ಮತ್ತು ಬ್ರೂಸ್ ಬ್ಲೂಮ್‌ಬರ್ಗ್ ಇಂಥ ರಾಸಾಯನಿಕಗಳಿಗೆ 'ಒಬೆಸೋಜೆನ್' ಎಂದು ಹೆಸರಿಟ್ಟರು. ಅವರು ನೋಡಿದ್ದು ಟ್ರೈಬ್ಯುಟೈಲ್‌ಟಿನ್ ಎಂಬುದನ್ನು. ಅದು ಕೀಟನಾಶಕ ಅಲ್ಲ, ಹಡಗಿನ ತಳಕ್ಕೆ ಚಿಪ್ಪುಜೀವಿ ಅಂಟದಂತೆ ಬಳಿಯುತ್ತಿದ್ದ ಬಣ್ಣದಲ್ಲಿದ್ದ ವಿಷ. ಗಬ್ಬದ ಇಲಿಗೆ ಅದನ್ನು ಕೊಟ್ಟರೆ ಮರಿಗಳಲ್ಲಿ ಕೊಬ್ಬು ಜಾಸ್ತಿ ಕಂಡಿತು.

ಅಲ್ಲಿಂದ ಮುಂದೆ ಕೀಟನಾಶಕಗಳ ಸರದಿ. ಇದರಲ್ಲಿ ಜಾಸ್ತಿ ಕೆಲಸ ಮಾಡಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಯಾನ್‌ಹ್ವಾ ಪಾರ್ಕ್ ಅವರ ತಂಡ. ಅವರು ಮೊದಲು ಕೈಗೆತ್ತಿಕೊಂಡವುಗಳಲ್ಲಿ ಇಮಿಡಾಕ್ಲೋಪ್ರಿಡ್ ಒಂದು. ನಿಮಗೆ ಇದು ಹೊಸ ಹೆಸರಲ್ಲ. ಭತ್ತದ ಕಂದು ಜಿಗಿಹುಳುವಿಗೆ, ತರಕಾರಿಯ ಹೇನಿಗೆ ಹೊಡೆಯಲು ಅಂಗಡಿಯಲ್ಲಿ 17.8 ಎಸ್‌ಎಲ್ ಎಂದು ಕೊಡುತ್ತಾರಲ್ಲ, ಅದೇ. ಈ ಪ್ರಯೋಗಕ್ಕೆ 3ಟಿ3-ಎಲ್1 ಎಂಬ ಇಲಿಯ ಎಳೆ ಕೋಶಗಳನ್ನು ಬಳಸುತ್ತಾರೆ. ತಟ್ಟೆಯಲ್ಲಿ ಅವನ್ನು ಬೆಳೆಸಿ, ಇನ್ಸುಲಿನ್, ಡೆಕ್ಸಾಮೆಥಾಸೋನ್ ಇರುವ ಒಂದು ಮಿಶ್ರಣ ಹಾಕಿದರೆ ಅವು ಕೊಬ್ಬಿನ ಕೋಶವಾಗಲು ಶುರುವಾಗುತ್ತವೆ. ಕೊನೆಗೆ ಒಂದು ಕೆಂಪು ಬಣ್ಣ ಹಾಕಿ ನೋಡಿದರೆ ಎಣ್ಣೆ ಹನಿಗಳು ಮಾತ್ರ ಕೆಂಪಗೆ ಕಾಣುತ್ತವೆ. ಮಿಶ್ರಣದ ಜೊತೆ ಇಮಿಡಾಕ್ಲೋಪ್ರಿಡ್ ಇದ್ದ ತಟ್ಟೆಗಳಲ್ಲಿ ಕೆಂಪು ಜಾಸ್ತಿ ಇತ್ತು. 2013ರಲ್ಲಿ ಇದು ಪ್ರಕಟವಾಯಿತು. ಆಮೇಲೆ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಫಿಪ್ರೊನಿಲ್ ಕೂಡ ಇದೇ ತರಹ ನಡೆದುಕೊಂಡವು.

ಇಲ್ಲಿ ಒಂದು ಸೂಕ್ಷ್ಮ ಇದೆ, ವಿಡಿಯೋಗಳಲ್ಲಿ ಇದನ್ನು ಹೇಳುವುದಿಲ್ಲ. ಆ ಕೋಶಗಳಿಗೆ ಕೊಬ್ಬಾಗುವ ಸೂಚನೆ ಇನ್ಸುಲಿನ್ ಮಿಶ್ರಣದಿಂದ ಆಗಲೇ ಸಿಕ್ಕಿತ್ತು. ಔಷಧಿ ಮಾಡಿದ್ದು ಆ ಕೆಲಸವನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ್ದು. ಅಂದರೆ ಇದು ಒಬ್ಬಂಟಿಯಾಗಿ ಕೊಬ್ಬು ಸೃಷ್ಟಿಸುವ ವಸ್ತು ಎಂದು ಆ ಪ್ರಯೋಗ ಹೇಳುವುದಿಲ್ಲ. ಮೈಯಲ್ಲಿ ಇನ್ಸುಲಿನ್ ಯಾವಾಗಲೂ ಮೇಲೆ ಇರುವಂತೆ ಉಣ್ಣುವವರಿಗೆ ಅದು ಜಾಸ್ತಿ ತಾಗಬಹುದು ಎಂದು ನನಗೆ ಅನ್ನಿಸುತ್ತದೆ.

ಇಮಿಡಾಕ್ಲೋಪ್ರಿಡ್ ಹುಳುವನ್ನು ಕೊಲ್ಲುವುದು ನರದ ಮೂಲಕ. ಕೊಬ್ಬಿನ ಕೋಶದಲ್ಲಿ ಅದು ಬೇರೆ ದಾರಿ ಹಿಡಿಯುತ್ತದೆ. ನಮ್ಮ ಕೋಶಗಳಲ್ಲಿ ಎಎಂಪಿಕೆ ಎಂಬ ಕಿಣ್ವ ಇದೆ. ಶಕ್ತಿ ಕಡಿಮೆಯಾದಾಗ ಇದು ಎಚ್ಚರವಾಗಿ "ಕೂಡಿಟ್ಟಿದ್ದು ಸಾಕು, ಉರಿಸು" ಎಂದು ಹೇಳುತ್ತದೆ. ಇಮಿಡಾಕ್ಲೋಪ್ರಿಡ್ ಮತ್ತು ಫಿಪ್ರೊನಿಲ್ ಈ ಕಿಣ್ವವನ್ನು ಮಂಕು ಮಾಡಿದ್ದು ಕಂಡಿತು. ಕಿಣ್ವವನ್ನು ಬೇರೆ ವಸ್ತುವಿನಿಂದ ಮತ್ತೆ ಎಚ್ಚರಿಸಿದಾಗ ಔಷಧಿಯ ಪರಿಣಾಮವೂ ಇಳಿಯಿತು. ನಿಮ್ಮ ಯಜಮಾನರು ಬಿಡಲು ಹೊರಟಿರುವ ಮಾತ್ರೆ ಮೆಟ್‌ಫಾರ್ಮಿನ್ ಆಗಿದ್ದರೆ ಒಂದು ತಮಾಷೆ ನೋಡಿ, ಅದು ಇದೇ ಎಎಂಪಿಕೆಯನ್ನು ಚುರುಕು ಮಾಡುವ ಮಾತ್ರೆ. ಕೀಟನಾಶಕಕ್ಕೆ ಹೆದರಿ ಆ ಮಾತ್ರೆ ಬಿಡುವುದು ಯಾವ ಲೆಕ್ಕದಲ್ಲೂ ಸರಿ ಬರುವುದಿಲ್ಲ. ಪರ್ಮೆಥ್ರಿನ್ ಜಾತಿಯವು ಕೋಶದ ಕ್ಯಾಲ್ಸಿಯಂ ಏರುಪೇರು ಮಾಡಿ ಅದೇ ಜಾಗಕ್ಕೆ ಬರುತ್ತವೆ, ಅದರ ವಿವರ ಇಲ್ಲಿ ಬೇಡ.

ತಟ್ಟೆಯ ಕೋಶ ಬೇರೆ, ಓಡಾಡುವ ಪ್ರಾಣಿ ಬೇರೆ. ಹಾಗಾಗಿ 2016ರಲ್ಲಿ ಅದೇ ತಂಡ ಇಲಿಗಳಿಗೆ ತಿಂಡಿಯಲ್ಲಿ ಇಮಿಡಾಕ್ಲೋಪ್ರಿಡ್ ಕೊಟ್ಟಿತು. ಮೈತೂಕದ ಒಂದು ಕೆಜಿಗೆ ದಿನಕ್ಕೆ 0.06, 0.6, 6 ಮಿಲಿಗ್ರಾಂ, ಹೀಗೆ ಮೂರು ಪ್ರಮಾಣ. ಕೊಬ್ಬು ಜಾಸ್ತಿ ಇದ್ದ ತಿಂಡಿಯ ಜೊತೆ ಔಷಧಿಯೂ ಸಿಕ್ಕ ಇಲಿಗಳ ತೂಕ ಇನ್ನಷ್ಟು ಏರಿತು, ಶುಗರ್ ಹಿಡಿತವೂ ಕೆಟ್ಟಿತು. ಮತ್ತೆ ಅದೇ ಮಾತು: ಊಟ ಮೊದಲು, ಔಷಧಿಯ ತಳ್ಳು ಆಮೇಲೆ.

ಕ್ಲೋರ್‌ಪೈರಿಫಾಸ್ ಕಥೆ ಇನ್ನೂ ಸ್ವಾರಸ್ಯ. ಕಬ್ಬಿನ ಗೆದ್ದಲಿಗೆ ಎಂದು ನಿಮ್ಮ ಕಡೆ ತುಂಬಾ ಬಳಸಿದ ಔಷಧಿ ಇದು. ಮನೆ ಕಟ್ಟುವಾಗ ಪಾಯಕ್ಕೆ ಸುರಿಯುವುದೂ ಇದನ್ನೇ. ಇದರ ವಿಷಯದಲ್ಲಿ ಎದ್ದು ಕಂಡದ್ದು ಹೊಸ ಕೋಶ ಹುಟ್ಟುವುದಲ್ಲ, ಇರುವ ಕೊಬ್ಬು ಉರಿಯದೆ ಉಳಿಯುವುದು. ನಮ್ಮ ಮೈಯಲ್ಲಿ ಕಂದು ಕೊಬ್ಬು ಎಂಬ ಇನ್ನೊಂದು ಬಗೆ ಇದೆ. ಅದು ಕೂಡಿಡುವುದಿಲ್ಲ, ಉರಿಸಿ ಶಾಖ ಮಾಡುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 34 ಕೀಟನಾಶಕ, ಕಳೆನಾಶಕಗಳನ್ನು ಕಂದು ಕೊಬ್ಬಿನ ಕೋಶಗಳ ಮೇಲೆ ಹಾಕಿ ನೋಡಿತು. ಕ್ಲೋರ್‌ಪೈರಿಫಾಸ್ ಅತಿ ಕಡಿಮೆ ಪ್ರಮಾಣದಲ್ಲೇ ಆ ಉರಿಸುವ ಕೆಲಸವನ್ನು ತಗ್ಗಿಸಿತು. ಜಿಡ್ಡಿನ ತಿಂಡಿ ತಿಂದ ಇಲಿಗಳಿಗೆ ಅದನ್ನು ಕೊಟ್ಟಾಗ ಕೊಬ್ಬು, ಲಿವರ್‌ನ ಜಿಡ್ಡು ಎರಡೂ ಜಾಸ್ತಿಯಾದವು. 2021ರ ಕೆಲಸ ಇದು. ಆ ಇಲಿಗಳನ್ನು ಚಳಿ ಆಗದಷ್ಟು ಬೆಚ್ಚಗಿನ ಕೋಣೆಯಲ್ಲೇ ಇಟ್ಟಿದ್ದರು ಎಂಬುದು ನನಗೆ ಮುಖ್ಯ ಅನ್ನಿಸಿತು. ಯಾಕೆಂದರೆ ಚಳಿ ದೇಶದ ಇಲಿಯ ಲೆಕ್ಕವನ್ನು ಮಂಡ್ಯದ ಏಪ್ರಿಲ್ ತಿಂಗಳಿಗೆ ಹಾಕಿದರೆ ಹೊಂದುವುದಿಲ್ಲ, ಅಲ್ವಾ? ಯುರೋಪ್ 2020ರಲ್ಲೇ ಇದನ್ನು ಕೈಬಿಟ್ಟಿತು. ಆದರೆ ಅದಕ್ಕೆ ಕಾರಣ ಕೊಬ್ಬಲ್ಲ, ಮಕ್ಕಳ ಮಿದುಳಿನ ಬೆಳವಣಿಗೆಗೆ ಆಗುವ ಹಾನಿ.

ಈಗ ಮನುಷ್ಯರಿಗೆ ಬರೋಣ. ಇಲ್ಲಿ ಬಲವಾದ ಪುರಾವೆ ಇರುವುದು ಹಳೇ ಡಿಡಿಟಿ ವಿಷಯದಲ್ಲಿ. ಅದು ಮೈಯ ಕೊಬ್ಬಿನಲ್ಲೇ ಸೇರಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ರಕ್ತದಲ್ಲಿ ಅಳೆದು, ಅದೇ ಜನರನ್ನು ಬಹಳ ಕಾಲ ಹಿಂಬಾಲಿಸಿ ನೋಡಲು ಸಾಧ್ಯವಾಯಿತು. ಎಲ್ಲ ಅಧ್ಯಯನ ಒಟ್ಟು ಸೇರಿಸಿ ನೋಡಿದವರು ಡಿಡಿಟಿಯನ್ನು ಬೊಜ್ಜಿಗೆ ಕಾರಣವಾಗುವ ವಸ್ತು ಎಂದು ಪರಿಗಣಿಸಬಹುದು ಎಂದರು. ನಮ್ಮಲ್ಲಿ 1989ರಲ್ಲಿ ಅದನ್ನು ಬೇಸಾಯದಿಂದ ತೆಗೆದರು. ಇಮಿಡಾಕ್ಲೋಪ್ರಿಡ್, ಕ್ಲೋರ್‌ಪೈರಿಫಾಸ್, ಡೆಲ್ಟಾಮೆಥ್ರಿನ್ ಹಾಗಲ್ಲ. ಕೆಲವು ದಿನದಲ್ಲಿ ಬಹುಪಾಲು ಮೂತ್ರದಲ್ಲಿ ಹೋಗಿಬಿಡುತ್ತವೆ. ಅದು ಒಳ್ಳೆಯದೇ, ಆದರೆ ಹತ್ತು ವರ್ಷದಲ್ಲಿ ಒಬ್ಬರ ಮೈಗೆ ಎಷ್ಟು ತಾಗಿತು ಎಂದು ಲೆಕ್ಕ ಹಾಕುವುದು ಅದರಿಂದಲೇ ಕಷ್ಟ.

ಶುಗರ್ ವಿಷಯದಲ್ಲಿ ಮಾತ್ರ ಔಷಧಿ ಹೊಡೆಯುವವರ ಮೇಲೆ ನೇರ ಅಧ್ಯಯನ ಇದೆ. ಅಮೆರಿಕದ ಅಯೋವಾ, ಉತ್ತರ ಕೆರೊಲಿನಾದಲ್ಲಿ ಪರವಾನಗಿ ಪಡೆದು ಔಷಧಿ ಹೊಡೆಯುವ 33 ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದರು. 2008ರಲ್ಲಿ ಬಂದ ಫಲಿತಾಂಶದಲ್ಲಿ ಏಳು ಔಷಧಿಗಳಿಗೂ ಶುಗರ್ ಬರುವುದಕ್ಕೂ ನಂಟು ಕಂಡಿತು, ಡೈಕ್ಲೋರ್‌ವಾಸ್ ಅದರಲ್ಲೊಂದು. 2014ರಲ್ಲಿ ರೈತರ ಹೆಂಡತಿಯರನ್ನು ನೋಡಿದಾಗ ಫೋರೇಟ್ ಹೆಸರು ಬಂತು, ನಿಮ್ಮ ಕಡೆ ಥಿಮೆಟ್ ಎನ್ನುತ್ತಿದ್ದರಲ್ಲ, ಅದು. ನಮ್ಮ ಪಕ್ಕದ ತಮಿಳುನಾಡಿನಲ್ಲಿ ಮಧುರೈ ಕಾಮರಾಜ ವಿಶ್ವವಿದ್ಯಾಲಯದವರು ಹಳ್ಳಿ ಜನರನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನೇರವಾಗಿ ಔಷಧಿ ಮುಟ್ಟುವವರಲ್ಲಿ ಶುಗರ್ ಜಾಸ್ತಿ ಇತ್ತು. ಇಲಿಗಳಲ್ಲಿ ಮಾನೋಕ್ರೋಟೋಫಾಸ್ ಕೊಟ್ಟು ನೋಡಿದಾಗ ಕರುಳಿನ ಬ್ಯಾಕ್ಟೀರಿಯಾ ಆ ಔಷಧಿಯನ್ನು ಒಡೆದು, ಅದರಿಂದ ಲಿವರ್ ಹೆಚ್ಚು ಸಕ್ಕರೆ ಮಾಡುವಂತಾಗಿತ್ತು. ಅಂದರೆ ನಿಮ್ಮ ಯಜಮಾನರ ಅನುಮಾನ ಅರ್ಥವಿಲ್ಲದ್ದಲ್ಲ. ಆದರೆ ನಂಟು ಬೇರೆ, ಕಾರಣ ಬೇರೆ. ನಲವತ್ತು ದಾಟಿದ ವಯಸ್ಸು, ಟಿಲ್ಲರ್ ಬಂದ ಮೇಲೆ ಕಡಿಮೆಯಾದ ನಡಿಗೆ, ಮೂರು ಹೊತ್ತೂ ಅನ್ನ, ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಟೀ, ಮನೆತನದಲ್ಲಿ ಶುಗರ್. ಇವುಗಳ ತೂಕ ಔಷಧಿಗಿಂತ ಬಹಳ ಜಾಸ್ತಿ. ಇವನ್ನೆಲ್ಲ ಬಿಟ್ಟು ಔಷಧಿಯನ್ನೇ ದೂರುವುದು ಸುಲಭ, ಅದಕ್ಕೇ ಎಚ್ಚರ ಹೇಳುತ್ತಿದ್ದೇನೆ.

ಮಗಳ ವಿಷಯ ಸ್ವಲ್ಪ ಬೇರೆ, ಯಾಕೆಂದರೆ ವಯಸ್ಸು ಬೇರೆ. 2008ರಲ್ಲಿ ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯವರು ಒಂದು ಜಾಣ ಉಪಾಯ ಮಾಡಿದರು. ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ವಿಕಿರಣದ ಕಾರ್ಬನ್ ಮನುಷ್ಯರ ಕೋಶಗಳಲ್ಲೂ ಸೇರಿತ್ತು. ಅದನ್ನು ಅಳೆದು ಕೊಬ್ಬಿನ ಕೋಶದ ವಯಸ್ಸು ಕಂಡುಹಿಡಿದರು. ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹದಿಹರೆಯದಲ್ಲೇ ಬಹುಮಟ್ಟಿಗೆ ನಿಂತುಬಿಡುತ್ತದೆ ಎಂದು ಗೊತ್ತಾಯಿತು. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಸಾಯುತ್ತವೆ, ಅಷ್ಟೇ ಹೊಸದು ಬರುತ್ತವೆ. ತೂಕ ಇಳಿಸಿದರೂ ಕೋಶ ಸಣ್ಣದಾಗುತ್ತದೆ, ಎಣಿಕೆ ಕಡಿಮೆಯಾಗುವುದಿಲ್ಲ. ಹಾಗಾಗಿ ಹೊಸ ಕೋಶ ಹುಟ್ಟಿಸುವ ಯಾವುದೇ ವಸ್ತುವಿನ ಬಗ್ಗೆ ಹೆಚ್ಚು ಚಿಂತೆ ಮಾಡಬೇಕಾದದ್ದು ಗರ್ಭಿಣಿಯರಿಗೆ ಮತ್ತು ಮಕ್ಕಳಿಗೆ. ಐವತ್ತು ದಾಟಿದವರಿಗೆ ಅಷ್ಟಲ್ಲ.

ಇದಕ್ಕೆ ನಮ್ಮ ಮೈಸೂರಿನದೇ ಒಂದು ಸೇರ್ಪಡೆ ಇದೆ. ಇಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಅಳೆದು, ದೊಡ್ಡವರಾಗುವವರೆಗೆ ಹಿಂಬಾಲಿಸಿದ್ದಾರೆ. ಹುಟ್ಟಿದಾಗ ಅವರು ಇಂಗ್ಲೆಂಡಿನ ಮಕ್ಕಳಿಗಿಂತ ತೂಕದಲ್ಲಿ ಕಡಿಮೆ, ತೋಳು ಸಣ್ಣ, ಹೊಟ್ಟೆ ಸಣ್ಣ. ಆದರೆ ಬೆನ್ನಿನ ಮೇಲೆ ಚರ್ಮದ ಕೆಳಗಿನ ಕೊಬ್ಬು ಮಾತ್ರ ಆ ಮಟ್ಟಕ್ಕೆ ಕಡಿಮೆ ಇರಲಿಲ್ಲ. ಸಣಕಲು ಕಾಣುವ ಮಗುವಿನಲ್ಲೂ ಕೊಬ್ಬಿನ ಪಾಲು ಜಾಸ್ತಿ. ಆ ಅಧ್ಯಯನ ಕೀಟನಾಶಕದ ಬಗ್ಗೆ ಅಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೆ ಹೀಗೆ ಕೊಬ್ಬಿನ ಕಡೆ ವಾಲಿಕೊಂಡೇ ಹುಟ್ಟುವ ನಮ್ಮ ಮಕ್ಕಳಿಗೆ ಇನ್ನೊಂದು ತಳ್ಳು ಬೇಕಿಲ್ಲ ಎಂಬುದು ನನ್ನ ಎಣಿಕೆ. ಹನ್ನೊಂದರ ಹುಡುಗಿಯನ್ನು ಪಥ್ಯಕ್ಕೆ ಹಾಕಬೇಡಿ. ಪ್ಯಾಕೆಟ್ ತಿಂಡಿ, ಬಾಟಲಿ ಜ್ಯೂಸ್ ಕಡಿಮೆ ಮಾಡಿ, ಸಂಜೆ ಆಟಕ್ಕೆ ಬಿಡಿ. ಮುಟ್ಟಾಗುವ ಮುಂಚೆ ಕೆಲವು ಮಕ್ಕಳು ದಪ್ಪ ಆಗುವುದು ಸಹಜವೂ ಹೌದು.

ಔಷಧಿ ಮನೆಗೆ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. 2016ರ ಆ ಇಲಿ ಪ್ರಯೋಗದ ಹೊತ್ತಿಗೆ ಅಮೆರಿಕದಲ್ಲಿ ಇಮಿಡಾಕ್ಲೋಪ್ರಿಡ್‌ಗೆ ಇದ್ದ ದಿನದ ಮಿತಿ ಮೈತೂಕದ ಕೆಜಿಗೆ 0.057 ಮಿಲಿಗ್ರಾಂ. 60 ಕೆಜಿ ಮನುಷ್ಯನಿಗೆ ಸುಮಾರು 3.4 ಮಿಲಿಗ್ರಾಂ ಆಯಿತು. ಒಂದು ಕೆಜಿ ತರಕಾರಿಯಲ್ಲಿ ಅರ್ಧ ಮಿಲಿಗ್ರಾಂ ಉಳಿದಿದೆ ಎಂದಿಟ್ಟುಕೊಳ್ಳಿ. ಕಾಲು ಕೆಜಿ ತಿಂದರೂ ಒಳಗೆ ಹೋಗುವುದು 0.125 ಮಿಲಿಗ್ರಾಂ. ಈಗ ಬಾಟಲಿ ನೋಡಿ. 17.8 ಎಸ್‌ಎಲ್‌ನ ಒಂದೇ ಒಂದು ಮಿಲಿಯಲ್ಲಿ 180ರಿಂದ 200 ಮಿಲಿಗ್ರಾಂ ಇದೆ. ಬೆರೆಸುವಾಗ ಅಷ್ಟು ಕೈಮೇಲೆ ಚೆಲ್ಲುವುದು ದೊಡ್ಡ ವಿಷಯವೇ ಅಲ್ಲ. ಚರ್ಮ ಎಲ್ಲವನ್ನೂ ಹೀರುವುದಿಲ್ಲ, ಸಣ್ಣ ಪಾಲು ಮಾತ್ರ. ಆದರೂ ತಟ್ಟೆಯ ಸೊಪ್ಪಿಗೆ ಹೆದರಿ ಬರಿಗೈಯಲ್ಲಿ ಔಷಧಿ ಕಲೆಸುವುದು ಎಂಥ ತಲೆಕೆಳಗಾದ ಲೆಕ್ಕ ಎಂದು ಇದರಿಂದ ಗೊತ್ತಾಗುತ್ತದೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಬದಲಾಗಬೇಕಾದ ಮೊದಲ ಜಾಗ ಗದ್ದೆ ಬದು. ಬೆರೆಸುವಾಗ ರಬ್ಬರ್ ಗ್ಲೌಸ್, ಕೋಲಿನಿಂದ ಕಲೆಸುವುದು. ಬೆನ್ನಿನ ಪಂಪು ಸೋರುತ್ತಿದ್ದರೆ ಅವತ್ತು ಹೊಡೆಯಬಾರದು, ಬೆನ್ನು ನೆನೆದರೆ ಗಂಟೆಗಟ್ಟಲೆ ಔಷಧಿ ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ. ಲುಂಗಿ ಎತ್ತಿ ಕಟ್ಟಿ ಬರಿಗಾಲಲ್ಲಿ ಭತ್ತದೊಳಗೆ ನಡೆಯುವುದು ನಮ್ಮ ಕಡೆ ಮಾಮೂಲು. ಹೊಡೆದ ಪೈರು ತೊಡೆಗೆ ಉಜ್ಜುತ್ತಾ ಹೋಗುತ್ತದೆ. ಉದ್ದ ಪ್ಯಾಂಟ್, ತುಂಬು ತೋಳಿನ ಅಂಗಿ, ಮುಖಕ್ಕೆ ಮಾಸ್ಕ್ ಬೇಕು. ಗಾಳಿ ಎದುರು ಹೊಡೆಯಬಾರದು, ನಡುವೆ ಬೀಡಿ, ಎಲೆಅಡಿಕೆ ಬೇಡ. ಮನೆಗೆ ಬಂದ ಕೂಡಲೇ ಸೋಪು ಹಾಕಿ ಸ್ನಾನ. ಆ ಬಟ್ಟೆ ನಿಮ್ಮ, ಮಗಳ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್‌ಗೆ ಹೋಗಬಾರದು. ಬೇರೆ ನೆನೆಸಿ, ಬೇರೆ ಒಗೆಯಿರಿ, ಒಗೆಯುವವರು ನೀವಾದರೆ ಗ್ಲೌಸ್ ನಿಮಗೂ ಬೇಕು. ಖಾಲಿ ಡಬ್ಬದಲ್ಲಿ ಸೀಮೆಎಣ್ಣೆಯನ್ನೂ ಇಡಬೇಡಿ.

ಕಡಿಮೆ ಹೊಡೆಯುವುದು ಇನ್ನೂ ಒಳ್ಳೆಯದು, ದುಡ್ಡೂ ಉಳಿಯುತ್ತದೆ. ಅಕ್ಕಪಕ್ಕದವರು ಹೊಡೆದರು ಎಂದು ಹೊಡೆಯುವುದು ಜಾಸ್ತಿ. ಪೈರಿನ ಬುಡ ಬಿಡಿಸಿ ಜಿಗಿಹುಳು ಎಷ್ಟಿದೆ ನೋಡಿ, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿ ನಿರ್ಧಾರ ಮಾಡಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಹೊಡೆದರೆ ಜಿಗಿಹುಳು ತಿನ್ನುವ ಜೇಡಗಳು ಸತ್ತು ಜಿಗಿಹುಳುವೇ ಇಮ್ಮಡಿಯಾಗಿ ವಾಪಸ್ ಬರುವುದುಂಟು. ಏಷ್ಯಾದ ಹಲವು ಕಡೆ ಇಮಿಡಾಕ್ಲೋಪ್ರಿಡ್‌ಗೂ ಅದು ಬಗ್ಗುತ್ತಿಲ್ಲ.

ಸೊಪ್ಪು, ತರಕಾರಿಯನ್ನು ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಮೇಲೆ ಅಂಟಿದ್ದು ಸುಮಾರು ಹೋಗುತ್ತದೆ. ಇಮಿಡಾಕ್ಲೋಪ್ರಿಡ್ ಗಿಡದ ಒಳಗೇ ಸೇರುವುದರಿಂದ ಪೂರ್ತಿ ಹೋಗುವುದಿಲ್ಲ. ಅದು ನೀರಿನಲ್ಲಿ ಕರಗುವ ವಸ್ತು, ಬೇಯಿಸಿದಾಗ ಸ್ವಲ್ಪ ನೀರಿಗೆ ಬರಬಹುದು. ಹಾಗಾದರೆ ಬಸ್ಸಾರು ಗತಿ ಏನು ಎಂದು ಕೇಳುತ್ತೀರಿ! ಬಸಿದ ಕಟ್ಟಿನಲ್ಲೇ ಸಾರು ಮಾಡುವ ನಾಡು ನಮ್ಮದು. ಬಸ್ಸಾರು ಬಿಡಬೇಡಿ. ಮೇಲಿನ ಲೆಕ್ಕ ನೋಡಿದಿರಲ್ಲ, ಸೊಪ್ಪು ಕಾಳಿನಿಂದ ಶುಗರ್‌ಗೆ ಆಗುವ ಲಾಭ ಆ ಉಳಿಕೆಗಿಂತ ಎಷ್ಟೋ ದೊಡ್ಡದು. ನಿಮ್ಮದೇ ಹಿತ್ತಲಿನ ಸೊಪ್ಪಾದರೆ ಔಷಧಿ ಹೊಡೆದ ಮೇಲೆ ಲೇಬಲ್‌ನಲ್ಲಿ ಬರೆದಷ್ಟು ದಿನ ಕೀಳಬೇಡಿ.

ಸೊಳ್ಳೆ ಲಿಕ್ವಿಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಟ್ರಾನ್ಸ್‌ಫ್ಲುಥ್ರಿನ್, ಪರ್ಮೆಥ್ರಿನ್‌ನ ದಾಯಾದಿ. ಅದರಿಂದ ಬೊಜ್ಜು ಬರುತ್ತದೆ ಎಂದು ಹೇಳಲು ಆಧಾರ ಸಾಲದು, ಡೆಂಗಿ ಬಂದರೆ ಏನಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಸಂಜೆ ಕಿಟಕಿ ಮುಚ್ಚುವ ಮುಂಚೆ ಸ್ವಲ್ಪ ಹೊತ್ತು ಹಾಕಿ ಆರಿಸಿ, ಮಲಗುವಾಗ ಸೊಳ್ಳೆಪರದೆ ಕಟ್ಟಿದರೆ ಎರಡೂ ಆಯಿತು. ಕಾಯಿಲ್ ಮಾತ್ರ ಬೇಡವೇ ಬೇಡ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಹೊಗೆಕಣ ಬರುತ್ತದೆ ಎಂದು 2003ರಲ್ಲೇ ಅಳೆದಿದ್ದಾರೆ. ಕೊಬ್ಬಿನ ಚಿಂತೆಗಿಂತ ಶ್ವಾಸಕೋಶದ ಚಿಂತೆ ಅಲ್ಲಿ ದೊಡ್ಡದು.

ರಕ್ತದಲ್ಲಿ ಔಷಧಿ ಇದೆಯಾ ಎಂಬ ಪರೀಕ್ಷೆಗೆ ದುಡ್ಡು ಹಾಕಬೇಡಿ. ಹೊಡೆದು ವಾರ ಆಗಿದ್ದರೆ ಏನೂ ಕಾಣದೇ ಇರಬಹುದು, ನಿನ್ನೆ ಹೊಡೆದಿದ್ದರೆ ಕಾಣಬಹುದು. ಎರಡರಿಂದಲೂ ಹೊಟ್ಟೆ ಯಾಕೆ ಬಂತೆಂದು ತಿಳಿಯುವುದಿಲ್ಲ. ಹೊಡೆದ ದಿನ ತಲೆಸುತ್ತು, ವಾಂತಿ, ಜೊಲ್ಲು, ಕಣ್ಣು ಮಂಜು ಆದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ, ಬಾಟಲಿಯ ಲೇಬಲ್ ಜೊತೆಗೆ ಒಯ್ಯಿರಿ. ಉಳಿದ ದುಡ್ಡಿನಲ್ಲಿ ಯಜಮಾನರಿಗೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆ ಮಾಡಿಸಿ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟ ಅಳೆದಿಡಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಮೀರಿದರೆ ಜಾಸ್ತಿ ಎಂದು ಲೆಕ್ಕ.